ಐಬಿಎಂ ದಿಕ್ಕು ಬದಲಿಸಿದ ಗರ್ಸ್ಟ್‌ನರ್

1993ರ ಏಪ್ರಿಲ್‌ನಲ್ಲಿ ಲೂ ಗರ್ಸ್ಟ್‌ನರ್ ಅಮೆರಿಕದ ಕಂಪ್ಯೂಟರ್ ಕಂಪನಿ ಐಬಿಎಂನ ಚುಕ್ಕಾಣಿ ಹಿಡಿದಾಗ ಅದು ಕುಸಿತದ ಅಂಚಿನಲ್ಲಿತ್ತು. ಆ ಒಂದೇ ವರ್ಷದ ನಷ್ಟ ಸುಮಾರು 800 ಕೋಟಿ ಡಾಲರ್. ಗರ್ಸ್ಟ್‌ನರ್ ಕಂಪ್ಯೂಟರ್ ತಜ್ಞರಲ್ಲ. ಬಿಸ್ಕತ್ತು, ಸಿಗರೇಟು ತಯಾರಿಸುತ್ತಿದ್ದ ಆರ್‌ಜೆಆರ್ ನಬಿಸ್ಕೊದಿಂದ ಬಂದವರು. ಅದಕ್ಕೂ ಮೊದಲು ಅಮೆರಿಕನ್ ಎಕ್ಸ್‌ಪ್ರೆಸ್‌ನಲ್ಲಿದ್ದಾಗ ಐಬಿಎಂನ ಗ್ರಾಹಕರಾಗಿದ್ದರು.

ಆ ಅನುಭವವೇ ಅವರ ಮೊದಲ ದೊಡ್ಡ ನಿರ್ಧಾರಕ್ಕೆ ದಾರಿಯಾಯಿತು. ಕಂಪನಿಯನ್ನು ಸ್ವತಂತ್ರ ಘಟಕಗಳಾಗಿ ಒಡೆಯುವ ಯೋಜನೆಯನ್ನು ಅವರು ಕೈಬಿಟ್ಟರು. ಬೇರೆ ಬೇರೆ ಕಂಪನಿಗಳ ಯಂತ್ರ, ತಂತ್ರಾಂಶಗಳನ್ನು ಹೊಂದಿಸಿಕೊಳ್ಳುವುದು ಗ್ರಾಹಕರಿಗೆ ಕಷ್ಟ. ಆ ಕೆಲಸ ಮಾಡಿಕೊಡುವ ಶಕ್ತಿ ಇಡಿಯಾಗಿ ಉಳಿದ ಐಬಿಎಂಗೆ ಇದೆ ಎಂಬುದು ಅವರ ತರ್ಕ. ಜೊತೆಗೆ ಮೇನ್‌ಫ್ರೇಮ್ ಎಂಬ ದೊಡ್ಡ ಕಂಪ್ಯೂಟರ್‌ಗಳ ಬೆಲೆ ಇಳಿಯಿತು, ವೆಚ್ಚ ಕಡಿತವಾಯಿತು. ಈ ಕಡಿತದಿಂದ ಸಾವಿರಾರು ನೌಕರರು ಕೆಲಸ ಕಳೆದುಕೊಳ್ಳಬೇಕಾಯಿತು.

ಐಬಿಎಂಗೆ ಸದ್ಯ ಬೇಕಿರುವುದು ಭವ್ಯ ಮುನ್ನೋಟವಲ್ಲ ಎಂಬ ಅವರ 1993ರ ಮಾತು ಟೀಕೆಗೆ ಗುರಿಯಾಯಿತು. ಯೋಜನೆಗಳಿಗೆ ಕೊರತೆಯಿಲ್ಲ, ಅವುಗಳನ್ನು ಜಾರಿಗೆ ತರುವುದೇ ನಾಯಕತ್ವ ಎಂಬುದು ಅವರ ಇಂಗಿತವಾಗಿತ್ತು. ವಿಭಾಗಗಳ ಒಳಜಗಳ ತಗ್ಗಿಸಲು ಹಿರಿಯ ಅಧಿಕಾರಿಗಳ ಬೋನಸ್ಸನ್ನು ಇಡೀ ಕಂಪನಿಯ ಸಾಧನೆಗೆ ಜೋಡಿಸಿದರು. ಸಂಸ್ಥೆಯ ಕಾರ್ಯಸಂಸ್ಕೃತಿ ಆಡಳಿತದ ಒಂದು ಅಂಗವಲ್ಲ, ಅದೇ ಎಲ್ಲಕ್ಕೂ ಮೂಲ ಎಂಬ ನಿಲುವಿಗೆ ಅವರು ಬಂದದ್ದು ಹೀಗೆ.

2002ರಲ್ಲಿ ಅವರು ಸಿಇಒ ಹುದ್ದೆ ಬಿಡುವ ಹೊತ್ತಿಗೆ ಯಂತ್ರ ಮಾರಾಟಕ್ಕಿಂತ ಸೇವಾ ವಿಭಾಗವೇ ಐಬಿಎಂಗೆ ಹೆಚ್ಚು ವರಮಾನ ತರುತ್ತಿತ್ತು.