ನಿಮಗಿದು ಗೊತ್ತೆ? ಹಂದಿಯ ಕೆನ್ನೆಗೆ ಬದಲಿ ಯಾವುದು?

ರೋಮ್‌ನ ಹೆಸರಾಂತ ಪಾಸ್ತಾ ಕಾರ್ಬೊನಾರಾದ ರುಚಿಯ ಗುಟ್ಟು ‘ಗ್ವಾಂಚಾಲೆ’. ಅಂದರೆ ಉಪ್ಪು, ಕರಿಮೆಣಸು ಸವರಿ ವಾರಗಟ್ಟಲೆ ಒಣಗಿಸಿದ ಹಂದಿಯ ಕೆನ್ನೆಯ ಮಾಂಸ. ಅದರಲ್ಲಿ ಹೆಚ್ಚಿನ ಪಾಲು ಕೊಬ್ಬೇ. ತುಂಡುಗಳನ್ನು ತಣ್ಣನೆಯ ಬಾಣಲೆಗೆ ಹಾಕಿ ಸಣ್ಣ ಉರಿಯಲ್ಲಿಟ್ಟರೆ ಎಣ್ಣೆಯೇ ಬೇಡ. ಕೊಬ್ಬು ಮೆಲ್ಲಗೆ ಕರಗಿ, ಅಂಚು ಗರಿಗರಿಯಾಗುತ್ತದೆ, ನಡುಭಾಗ ಮೆತ್ತಗೇ ಉಳಿಯುತ್ತದೆ. ಈ ಕರಗಿದ ಕೊಬ್ಬು ಮೊಟ್ಟೆ, ಪೆಕೊರಿನೊ ಚೀಸ್ ಮತ್ತು ಪಾಸ್ತಾ ಬೇಯಿಸಿದ ನೀರಿನೊಂದಿಗೆ ಬೆರೆತು ಸಾಸ್ ಆಗುತ್ತದೆ. ಹಾಗಾಗಿ ಬದಲಿ ಹುಡುಕುವಾಗ ಮೊದಲು ನೋಡಬೇಕಾದ್ದು ಕೊಬ್ಬನ್ನು.

ಅತ್ಯುತ್ತಮ ಬದಲಿ ಪಾನ್‌ಚೆಟ್ಟಾ. ಇದು ಹೊಟ್ಟೆಯ ಭಾಗದ್ದು, ಸಾಮಾನ್ಯವಾಗಿ ಹೊಗೆ ಹಾಕಿರುವುದಿಲ್ಲ. ಕೊಬ್ಬು ಸ್ವಲ್ಪ ಕಡಿಮೆ, ಒಂದು ಚಮಚ ಆಲಿವ್ ಎಣ್ಣೆ ಸೇರಿಸಿದರೆ ಸರಿಹೋಗುತ್ತದೆ. ನಮ್ಮ ಅಂಗಡಿಗಳಲ್ಲಿ ಸುಲಭವಾಗಿ ಸಿಗುವ ಬೇಕನ್‌ಗೆ ಹೊಗೆಯ ವಾಸನೆ ಜಾಸ್ತಿ, ಅದು ಚೀಸ್‌ನ ಪರಿಮಳವನ್ನೇ ನುಂಗಿಬಿಡುತ್ತದೆ. ಒಂದೆರಡು ನಿಮಿಷ ಕುದಿಯುವ ನೀರಿನಲ್ಲಿಟ್ಟು ತೆಗೆದರೆ ಹೊಗೆ, ಉಪ್ಪು ಎರಡೂ ತಗ್ಗುತ್ತವೆ. ಹಂದಿ ತಿನ್ನದವರು ಅಣಬೆಯನ್ನು ಬೆಣ್ಣೆಯಲ್ಲಿ ಕೆಂಪಗೆ ಹುರಿದು ಹಾಕಬಹುದು, ಉಪ್ಪು ಮಾತ್ರ ಮರೆಯಬಾರದು.

ಆದರೆ ಟೊಮೆಟೊ ಹಾಕಿ ಮಾಡುವ ಅಮಾತ್ರಿಚಾನಾ ಸಾಸ್‌ನ ವಿಷಯದಲ್ಲಿ ಈ ಸಲಿಗೆ ಇಲ್ಲ. 2020ರಲ್ಲಿ ಐರೋಪ್ಯ ಒಕ್ಕೂಟ ಮಾನ್ಯ ಮಾಡಿದ ಅದರ ಸಾಂಪ್ರದಾಯಿಕ ವಿಧಾನಕ್ಕೆ ಗ್ವಾಂಚಾಲೆಯೇ ಆಗಬೇಕು.