ಸೋಯಾಬೀನ್ ಬೇರಿನ ಗಂಟು: ತೋಟದವರಿಗೂ ಪಾಠ

ಕಾಫಿ, ಅಡಿಕೆ ಬೆಳೆಗಾರರ ಪತ್ರಿಕೆಯಲ್ಲಿ ಸೋಯಾಬೀನ್ ವಿಚಾರವೇಕೆ ಎಂದು ಸದಸ್ಯ ಬಾಂಧವರು ಕೇಳಬಹುದು. ಮಣ್ಣಿನೊಳಗಿನ ವೈರಿಗೆ ಬಯಲುಸೀಮೆ, ಮಲೆನಾಡು ಎಂಬ ಭೇದವಿಲ್ಲ. ಅದಕ್ಕೇ ಈ ಲೇಖನ.

ಗೋಕಾಕ ತಾಲೂಕಿನ ಧುಪದಾಳದಲ್ಲಿ ಘಟಪ್ರಭಾ ನದಿಯ ಒಡ್ಡಿನಿಂದ ಕಾಲುವೆ ಹೊರಡುತ್ತದೆ. ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯಲ್ಲಿ ಮುಂಗಾರಿಗೆ ಸೋಯಾಬೀನ್ ಬಿತ್ತುವುದುಂಟು. ಹೊಲದಲ್ಲಿ ಅಲ್ಲಲ್ಲಿ ಗಿಡ ಹಳದಿಯಾಗಿ ಕುಗ್ಗಿ, ಮಣ್ಣು ಹಸಿಯಿದ್ದರೂ ಮಧ್ಯಾಹ್ನ ಬಾಡಿದರೆ, ಗೊಬ್ಬರ ಸಾಲದೆಂದು ಯೂರಿಯಾ ಚೆಲ್ಲುವವರಿದ್ದಾರೆ. ಮೊದಲು ನೋಡಬೇಕಾದದ್ದು ಬೇರು.

ಗಿಡವನ್ನು ಕೀಳದೆ ಗುದ್ದಲಿಯಿಂದ ಎಬ್ಬಿಸಿ, ಬೇರು ತೊಳೆಯಿರಿ. ಎರಡು ಬಗೆಯ ಗಂಟು ಕಂಡೀತು. ಬೇರಿನ ಪಕ್ಕಕ್ಕೆ ಅಂಟಿಕೊಂಡು, ಉಜ್ಜಿದರೆ ಕಳಚುವ, ಒಳಗೆ ನಸುಗೆಂಪಾದದ್ದು ರೈಜೋಬಿಯಂ ಗಂಟು. ಸಾರಜನಕ ಒದಗಿಸುವ ಮಿತ್ರ. ಬೇರೇ ಊದಿಕೊಂಡಿದ್ದು, ಗಂಟು ಕಳಚದಿದ್ದರೆ ಅದು ಬೇರುಗಂಟು ಜಂತುಹುಳುವಿನ ಕೆಲಸ. ಇದರ ಮರಿ ಅರ್ಧ ಮಿಲಿಮೀಟರಿಗಿಂತ ಚಿಕ್ಕದು. ಹೆಣ್ಣು ನೂರಾರು ಮೊಟ್ಟೆಯಿಡುತ್ತದೆ. ಬೆಚ್ಚನೆಯ ಮಣ್ಣಿನಲ್ಲಿ ಸುಮಾರು ತಿಂಗಳಿಗೊಂದು ತಲೆಮಾರು. ಸೋಯಾಬೀನ್ ಕೊಯ್ದ ಮೇಲೆ ಟೊಮೇಟೊ, ಬದನೆ ಹಾಕಿದರೆ ಹುಳುವಿಗೆ ಮತ್ತೆ ಊಟ ಬಡಿಸಿದಂತೆ. ಬೇಸಿಗೆಯಲ್ಲಿ ಆಳವಾಗಿ ಉತ್ತು, ಜೋಳ ಇಲ್ಲವೆ ಚೆಂಡುಹೂವಿಗೆ ಬೆಳೆ ಬದಲಿಸಿದರೆ ಹಾವಳಿ ತಗ್ಗುತ್ತದೆ.

ಹೊಲದ ರೈತನಿಗೆ ಈ ಅನುಕೂಲವುಂಟು. ನಮಗೆ ಅದಿಲ್ಲ, ಅಡಿಕೆಯನ್ನಾಗಲಿ ಕಾಫಿಯನ್ನಾಗಲಿ ಹಂಗಾಮಿಗೊಮ್ಮೆ ಕಿತ್ತು ಉಳಲಾಗದು. ಬೇರುಗಂಟು ಹುಳು ನಮ್ಮ ಕಾಳುಮೆಣಸನ್ನೂ ಹಿಡಿಯುತ್ತದೆ. ಅಡಿಕೆ, ಬಾಳೆ, ಮೆಣಸು ಮೂರನ್ನೂ ಬಾಧಿಸುವ ಕೊರೆಯುವ ಜಂತುಹುಳು ಬೇರೊಂದು ಜಾತಿ. ಅರೇಬಿಕಾ ಕಾಫಿಯ ಬೇರನ್ನು ಕೆಡಿಸುವುದು ಮತ್ತೊಂದು. ಅದಕ್ಕಾಗಿ ರೋಬಸ್ಟಾ ಬೇರಿನ ಮೇಲೆ ಅರೇಬಿಕಾ ಕಸಿ ಮಾಡುವ ಕ್ರಮವಿದೆ. ಈ ಎರಡೂ ಗಂಟು ಕಟ್ಟುವುದಿಲ್ಲ, ಬೇರಿನಲ್ಲಿ ಕಂದು ಗಾಯ ಮಾಡುತ್ತವೆ.

ಈ ಹುಳುಗಳು ತಾವಾಗಿ ದೂರ ಸಾಗಲಾರವು. ನರ್ಸರಿ ಚೀಲದ ಮಣ್ಣು, ಬಾಳೆಕಂದು, ತೊಳೆಯದ ಗುದ್ದಲಿ, ಇವುಗಳೊಂದಿಗೆ ಹೊತ್ತು ತರುವವರು ನಾವೇ. ಆದುದರಿಂದ:

1. ಚೀಲಕ್ಕೆ ತುಂಬುವ ಮಣ್ಣನ್ನು ತೇವ ಮಾಡಿ, ಕಡುಬೇಸಿಗೆಯಲ್ಲಿ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಹೊದಿಸಿ, 4ರಿಂದ 6 ವಾರ ಬಿಸಿಲಿಗೆ ಬಿಡಿ. ಬಳಿಕ ಬೇವಿನ ಹಿಂಡಿ ಬೆರೆಸಿ.

2. ಸಂಶಯವಿದ್ದರೆ ಹತ್ತು ಕಡೆಯಿಂದ ಎಳೆ ಬೇರು ಸಹಿತ ಮಣ್ಣು ತೆಗೆದು ಬೆರೆಸಿ, ಅರ್ಧ ಕಿಲೋದಷ್ಟನ್ನು ಪರೀಕ್ಷೆಗೆ ಕಳುಹಿಸಿ. ಗೊಬ್ಬರದ ಪರೀಕ್ಷೆಗೆ ಮಾಡುವಂತೆ ಒಣಗಿಸಬಾರದು. ಹುಳು ಸತ್ತರೆ ಲೆಕ್ಕ ಸಿಗದು.

3. ಸಸಿ ಕೊಳ್ಳುವ ಮುನ್ನ ಒಂದು ಚೀಲ ಬಿಚ್ಚಿ ಬೇರು ನೋಡಿ. ಒಂದು ಸಸಿಯ ಬೆಲೆ ಹೋದೀತು, ತೋಟ ಉಳಿದೀತು.