ಶುದ್ಧ ಇಂಧನದ ಟ್ಯಾಕ್ಸಿಗಳು: ದೆಹಲಿಯ ಅನುಭವ ಮತ್ತು ವೆಚ್ಚದ ಲೆಕ್ಕ

ಮಹಾನಗರದ ವಾಯುಮಾಲಿನ್ಯವನ್ನು ತಗ್ಗಿಸಲು ವಾಹನಗಳ ಇಂಧನವನ್ನೇ ಬದಲಿಸುವ ಕ್ರಮದಲ್ಲಿ ದೆಹಲಿಯ ಅನುಭವ ಸುದೀರ್ಘವಾದುದು. ನ್ಯಾಯವಾದಿ ಎಂ.ಸಿ. ಮೆಹ್ತಾ ಅವರು 1985ರಲ್ಲಿ ಸಲ್ಲಿಸಿದ್ದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯಲ್ಲಿ ಸರ್ವೋಚ್ಚ ನ್ಯಾಯಾಲಯವು 1998ರ ಜುಲೈ 28ರಂದು ಮಹತ್ವದ ಆದೇಶ ನೀಡಿತು. ಅದರಂತೆ 1990ಕ್ಕಿಂತ ಹಳೆಯ ಟ್ಯಾಕ್ಸಿ ಹಾಗೂ ಆಟೋರಿಕ್ಷಾಗಳ ಸ್ಥಾನದಲ್ಲಿ 2000ದ ಮಾರ್ಚ್ 31ರೊಳಗೆ ಶುದ್ಧ ಇಂಧನದ ಹೊಸ ವಾಹನಗಳು ಬರಬೇಕಿತ್ತು. ಬಸ್ಸುಗಳೆಲ್ಲವೂ 2001ರ ಮಾರ್ಚ್ 31ರೊಳಗೆ ಸಿ.ಎನ್.ಜಿ.ಗೆ ಬದಲಾಗಬೇಕಿತ್ತು, ಅನಿಲ ಪೂರೈಕೆ ಕೇಂದ್ರಗಳ ಸಂಖ್ಯೆ 9ರಿಂದ 80ಕ್ಕೆ ಏರಬೇಕಿತ್ತು.

ಸಿ.ಎನ್.ಜಿ. ಮುಖ್ಯವಾಗಿ ಮೀಥೇನ್ ಅನಿಲ. ಇದರ ದಹನದಿಂದ ಹೊರಬೀಳುವ ಹೊಗೆಯ ಕಣಗಳು ಡೀಸೆಲ್‌ಗೆ ಹೋಲಿಸಿದರೆ ಅತ್ಯಲ್ಪ. ಗಂಧಕದ ಅಂಶವೂ ನಗಣ್ಯ. ಆದರೆ ಸಾರಜನಕದ ಆಕ್ಸೈಡುಗಳು ಉಳಿಯುತ್ತವೆ. ವಾಹನಗಳ ಸಂಖ್ಯೆ ವರ್ಷೇ ವರ್ಷೇ ಏರಿದ್ದರಿಂದಲೂ ರಸ್ತೆಯ ಧೂಳು, ಕಾರ್ಖಾನೆ, ಕೃಷಿ ತ್ಯಾಜ್ಯದ ದಹನ ಮುಂತಾದ ಮೂಲಗಳು ಮುಂದುವರಿದಿದ್ದರಿಂದಲೂ ಇಂಧನ ಬದಲಾವಣೆಯೊಂದರಿಂದಲೇ ದೆಹಲಿಯ ಗಾಳಿ ಶುದ್ಧವಾಗಲಿಲ್ಲ.

ಸರತಿ ಸಾಲಿನ ಬೆಲೆ

ಆದೇಶದ ವೇಗಕ್ಕೆ ಪೂರೈಕೆ ಹೊಂದಿಕೊಳ್ಳಲಿಲ್ಲ. 2001-02ರಲ್ಲಿ ಅನಿಲ ಕೇಂದ್ರಗಳ ಮುಂದೆ ವಾಹನಗಳು ಗಂಟೆಗಟ್ಟಲೆ ಸಾಲುಗಟ್ಟಿ ನಿಂತವು. 2002ರ ಏಪ್ರಿಲ್ 5ರಂದು ನ್ಯಾಯಾಲಯವು ಡೀಸೆಲ್ ಬಸ್ಸುಗಳಿಗೆ ದಿನಕ್ಕೆ ರೂ. 500, ಮೂವತ್ತು ದಿನಗಳ ನಂತರ ರೂ. 1,000 ದಂಡ ವಿಧಿಸಿತಲ್ಲದೆ, ಅನಿಲ ಹಂಚಿಕೆಯಲ್ಲಿ ಸಾರಿಗೆಗೆ ಆದ್ಯತೆ ನೀಡುವಂತೆ ಸೂಚಿಸಿತು.

ಈ ಕಾಯುವಿಕೆಯ ನಷ್ಟ ಯಾವ ಬಿಲ್ಲಿನಲ್ಲಿಯೂ ಕಾಣುವುದಿಲ್ಲ. ಒಂದು ಕಾಲ್ಪನಿಕ ಲೆಕ್ಕವನ್ನು ಗಮನಿಸಬಹುದು. ಪರಿವರ್ತನೆಗೆ ರೂ. 60,000 ವೆಚ್ಚ, ಕಿಲೋಮೀಟರಿಗೆ ರೂ. 2 ಉಳಿತಾಯ, ದಿನದ ಓಡಾಟ 100 ಕಿಲೋಮೀಟರ್. ದಿನಕ್ಕೆ ರೂ. 200 ಉಳಿದು, 300 ದಿನಗಳಲ್ಲಿ ಬಂಡವಾಳ ಹಿಂದಿರುಗುತ್ತದೆ. ಸಾಲಿನಲ್ಲಿ ಕಾಯುವುದರಿಂದ ದಿನಕ್ಕೆ ರೂ. 150 ಸಂಪಾದನೆ ತಪ್ಪಿದರೆ ನಿಲ್ಲುವುದು ರೂ. 50 ಮಾತ್ರ, ಅವಧಿ 1,200 ದಿನಗಳಿಗೆ ಏರುತ್ತದೆ. ಸಾಲದ ಬಡ್ಡಿ ಇದರ ಮೇಲೆ ಬೇರೆ. ಹಲವು ವಾಹನಗಳಿರುವ ಸಂಸ್ಥೆ ಇದನ್ನು ತಾಳಿಕೊಂಡೀತು. ಒಂದೇ ಟ್ಯಾಕ್ಸಿಯ ಮಾಲೀಕನಿಗೆ ಅದು ಜೀವನೋಪಾಯದ ಪ್ರಶ್ನೆ.

ಬದಲಾಗುವ ಗಡುವುಗಳು

2015ರ ಡಿಸೆಂಬರ್‌ನಲ್ಲಿ ನ್ಯಾಯಾಲಯವು ರಾಜಧಾನಿ ವಲಯದ ಟ್ಯಾಕ್ಸಿಗಳೆಲ್ಲವೂ 2016ರ ಮಾರ್ಚ್ 1ರೊಳಗೆ ಸಿ.ಎನ್.ಜಿ.ಗೆ ಬದಲಾಗಬೇಕೆಂದಿತು. ಗಡುವು ಏಪ್ರಿಲ್ 30ರವರೆಗೆ ವಿಸ್ತರಣೆಗೊಂಡಿತು. ಮೇ 10ರಂದು, ಅಖಿಲ ಭಾರತ ಪ್ರವಾಸಿ ಪರವಾನಗಿಯ ಡೀಸೆಲ್ ಟ್ಯಾಕ್ಸಿಗಳಿಗೆ ಪರವಾನಗಿಯ ಅವಧಿ ಮುಗಿಯುವವರೆಗೆ ಓಡಾಡಲು ಅವಕಾಶ ದೊರೆಯಿತು. ಮೊದಲೇ ಹಣ ಹೂಡಿದವರಿಗೂ ಕಾದು ನೋಡಿದವರಿಗೂ ಹೊರೆ ಸಮನಾಗಿ ಬೀಳಲಿಲ್ಲ.

ಉದ್ದಿಮೆದಾರರು ಗಮನಿಸಬೇಕಾದುದು

ಇದು ಟ್ಯಾಕ್ಸಿ ಮಾಲೀಕರಿಗಷ್ಟೇ ಸೀಮಿತವಾದ ವಿಷಯವಲ್ಲ. ದೆಹಲಿ ಸರ್ಕಾರವು 2023ರ ನವೆಂಬರ್‌ನಲ್ಲಿ ಪ್ರಕಟಿಸಿದ ಯೋಜನೆಯು 25 ಅಥವಾ ಅದಕ್ಕಿಂತ ಹೆಚ್ಚು ವಾಹನಗಳಿರುವ ಟ್ಯಾಕ್ಸಿ ಸೇವಾ ಸಂಸ್ಥೆಗಳ ಜೊತೆಗೆ ಸರಕು ವಿತರಣಾ ಸಂಸ್ಥೆಗಳಿಗೂ ಅನ್ವಯಿಸುತ್ತದೆ. 2030ರ ಏಪ್ರಿಲ್ 1ರ ವೇಳೆಗೆ ಇವುಗಳ ವಾಹನಗಳೆಲ್ಲ ವಿದ್ಯುತ್ ಚಾಲಿತವಾಗಬೇಕೆಂಬುದು ಅದರ ಗುರಿ. ಆದ್ದರಿಂದ ವಾಹನ ಖರೀದಿಸುವ ವರ್ತಕರು ಬೆಲೆ ಮತ್ತು ಇಂಧನದ ಉಳಿತಾಯವನ್ನಷ್ಟೇ ಲೆಕ್ಕ ಹಾಕಿದರೆ ಸಾಲದು. ಇಂಧನ ದೊರೆಯುವ ಕೇಂದ್ರದ ದೂರ, ತುಂಬಿಸಲು ಹಿಡಿಯುವ ಸಮಯ, ಪರವಾನಗಿಯ ಉಳಿದ ಅವಧಿ ಹಾಗೂ ಸಾಲದ ಕಂತಿನ ಅವಧಿ, ಈ ನಾಲ್ಕನ್ನೂ ಖರೀದಿಗೆ ಮುನ್ನವೇ ಪರಿಶೀಲಿಸುವುದು ಒಳಿತು. ಸಂಘ ಸಂಸ್ಥೆಗಳು ಸರ್ಕಾರದ ಮುಂದಿಡಬೇಕಾದ ಬೇಡಿಕೆಯೂ ಇದೇ: ಮೊದಲು ಪೂರೈಕೆ, ಅನಂತರ ಗಡುವು.